ಶಿಕಾರಿಪುರದ ಕುಂದ್ರೋ ಆಫೀಸು

ನಾನು ಒಳಾಂಗಣ ವಿನ್ಯಾಸ ಮಾಡುವವಳು ಎಂದರೆ ಸೊರಬದಲ್ಲಿ ಬಹಳ ಜನ ಸೂರಿಗೆ ಪಿಒಪಿ ಮಾಡಿಸುತ್ತೀರಾ ಎಂದು ಕೇಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಮೊದಲ ಕೆಲವು ವರ್ಷ ನಾನು ಮಾಡಿದ್ದೆಲ್ಲ ಅಡುಗೆಮನೆಯ ಕಪಾಟು, ಟಿವಿಯ ಹಿಂದಿನ ಗೋಡೆ, ದೇವರ ಮನೆಯ ಬಾಗಿಲಿಗೆ ಸಾಲಾಗಿ ಪುಟ್ಟ ಗಂಟೆ ಕೂರಿಸುವ ಕೆಲಸಗಳೇ. ಹಾಗಾಗಿ ಶಿಕಾರಿಪುರದಿಂದ ಒಬ್ಬರು ಫೋನ್ ಮಾಡಿ, ತಮ್ಮ ಗೋದಾಮನ್ನು ಆಫೀಸು ಮಾಡಿಕೊಡಬೇಕು ಎಂದಾಗ ಯಾರ ಆಫೀಸು ಎಂದು ಕೇಳಿದೆ.

"ಯಾರದೂ ಅಲ್ರೀ. ಬಂದವರದು," ಎಂದರು.

ನಾನು ಫೋನಿನ ಮೇಲೆ ಕೈ ಮುಚ್ಚಿ ಅಮ್ಮನಿಗೆ, ಯಾರೋ ಛತ್ರ ಕಟ್ಟಿಸುತ್ತಿದ್ದಾರೆ ಎಂದೆ.

ಅವರು ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಯಜಮಾನರು. ಅರವತ್ತರ ಆಸುಪಾಸು, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಫೋನು. ಶಿರಾಳಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ ಮುಂದೆ ಅಂಗಡಿ, ಹಿಂದೆ ಗೋದಾಮು. ಅಂಗಡಿಯ ಗಲ್ಲಾವನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಎಲ್ಲರೂ ಮನೆಯಿಂದಲೇ ಕೆಲಸ ಮಾಡಲು ಶುರುಮಾಡಿದ್ದ ಕಾಲದಲ್ಲಿ ಒಂದು ವಾರ ಊರಿಗೆಲ್ಲ ಹಗಲು ಹೊತ್ತು ಕರೆಂಟು ಇರಲಿಲ್ಲ. ಇವರ ಅಂಗಡಿಯಲ್ಲಿ ದೊಡ್ಡ ಇನ್ವರ್ಟರ್ ಇತ್ತು. ಗೊತ್ತಿದ್ದವರ ಮಗಳೊಬ್ಬಳು ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಬೇರಿಂಗಿನ ಡಬ್ಬಗಳ ಮೇಲೆ ಕೂತಳು. ಮರುದಿನ ಅವಳ ಜೊತೆಗೆ ಮತ್ತಿಬ್ಬರು ಬಂದರು. ಆಮೇಲೆ ಟ್ರ್ಯಾಕ್ಟರಿನ ಟಯರ್ ಒಳಗೆ ಕೂತು ಇಂಗ್ಲಿಷಿನಲ್ಲಿ ಮೀಟಿಂಗ್ ಮಾಡುವವರನ್ನು ನೋಡಲೆಂದೇ ಗಿರಾಕಿಗಳು ಬರತೊಡಗಿದರು. ಯಜಮಾನರಿಗೆ ಆ ಗದ್ದಲ ಇಷ್ಟವಾಯಿತು. ಕರೆಂಟು ಬಂದು ಅವರೆಲ್ಲ ಮನೆಗೆ ಹೋದಾಗ ಅಂಗಡಿ ಬಿಕೋ ಎಂದಿತಂತೆ. ದಾವಣಗೆರೆಗೆ ಹೋದಾಗ ಇಂಥದ್ದಕ್ಕೆ ಕೋವರ್ಕಿಂಗ್ ಎಂಬ ಹೆಸರಿದೆ ಎಂದು ಯಾರೋ ಹೇಳಿದರು. ಟಯರ್ ಬದಲು ಕುರ್ಚಿ ಹಾಕಿದರೆ ಆಯಿತು ಎಂದು ಇವರು ತೀರ್ಮಾನಿಸಿಬಿಟ್ಟರು.

ನನಗೂ ಇದು ಹೊಸ ಕೆಲಸ. ಇಂಥ ಜಾಗಗಳ ಚಿತ್ರಗಳನ್ನು ನೋಡಿ ನೋಡಿ, ಒಳ್ಳೆಯ ಬೆಳಕು, ಬಿಸಿಲು ಬೀಳುವ ಉದ್ದ ಮೇಜು, ಗಾಜಿನ ಗೋಡೆ, ಮೂಲೆಯಲ್ಲಿ ಗಿಡ ಎಂದೆಲ್ಲ ತಲೆ ತುಂಬಿಕೊಂಡೆ. ಲ್ಯಾಮಿನೇಟಿನ ಮಾದರಿಗಳ ದಪ್ಪ ಪುಸ್ತಕವನ್ನು ಹೊತ್ತುಕೊಂಡು ಬಸ್ಸು ಹತ್ತಿದೆ. ಅಂದು ಶಿರಾಳಕೊಪ್ಪದ ಸಂತೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಪುಸ್ತಕವನ್ನು ಪಕ್ಕದ ಹೆಂಗಸಿನ ತೊಡೆಯ ಮೇಲಿಟ್ಟೆ. ಆಕೆ ತೆರೆದು ನೋಡಿ ಹಿಂದಿನವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ದಾಟುತ್ತ ಡ್ರೈವರ್ ತನಕ ಹೋಗಿ ವಾಪಸಾಯಿತು. ಇಳಿಯುವ ಹೊತ್ತಿಗೆ ನಾನು ನೋಡಿರದ ಗೋದಾಮಿನ ಮೇಜು ಯಾವ ಬಣ್ಣದ್ದಾಗಬೇಕು ಎಂದು ಬಸ್ಸು ತೀರ್ಮಾನಿಸಿಯಾಗಿತ್ತು. ಬಿಳಿ ಬೇಡ, ಚಹಾ ಬಿದ್ದರೆ ಕಾಣುತ್ತದೆ ಎಂದು ಒಬ್ಬರು. ಕಡು ಬಣ್ಣ ಬೇಡ, ಧೂಳು ಕಾಣುತ್ತದೆ ಎಂದು ಮತ್ತೊಬ್ಬರು. ಕೊನೆಗೆ ಒಂದು ತೆಳು ಕಂದು ಬಣ್ಣಕ್ಕೆ ಒಪ್ಪಿಗೆ ಸಿಕ್ಕಿ, ಕಂಡಕ್ಟರ್ ಆ ಪುಟಕ್ಕೆ ಹರಿದ ಟಿಕೆಟ್ ಇಟ್ಟು ಗುರುತು ಮಾಡಿಕೊಟ್ಟ. ನಾನು ಬೇರೆ ಬಣ್ಣ ಹಾಕಿದೆ. ಅದರಲ್ಲಿ ಚಹಾ, ಧೂಳು ಎರಡೂ ಕಾಣುತ್ತವೆ.

ಗೋದಾಮು ಚೆನ್ನಾಗಿತ್ತು. ಎತ್ತರದ ತಗಡಿನ ಸೂರು, ದಪ್ಪ ಗೋಡೆ, ಮೂಗಿಗೆ ಗ್ರೀಸಿನ ವಾಸನೆ. ಯಜಮಾನರು ನನ್ನ ನಕ್ಷೆಯನ್ನು ಒಂದು ಟಯರ್ ಮೇಲೆ ಹರಡಿಕೊಂಡು ಕೂತರು. ಯಾರಿಗೂ ಕಾಯಂ ಮೇಜು ಇರುವುದಿಲ್ಲ, ಬಂದವರು ಖಾಲಿ ಇದ್ದ ಕಡೆ ಕೂರುತ್ತಾರೆ, ಅದರಿಂದ ಒಬ್ಬರಿಗೊಬ್ಬರು ಪರಿಚಯವಾಗುತ್ತದೆ ಎಂದು ನಾನು ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇವತ್ತು ಕುಂತ ಜಾಗ ನಾಳೆ ನಂದಲ್ಲ ಅಂದ್ರೆ ಅದು ಬಸ್ಸಾತಲ್ರೀ," ಎಂದರು.

ಬಸ್ಸಿನ ಅನುಭವ ನನಗೂ ಆಗಷ್ಟೇ ಆಗಿತ್ತು. ಆದರೂ ಪಟ್ಟು ಬಿಡಲಿಲ್ಲ. ಅವರೂ ಬಿಡಲಿಲ್ಲ. ಚಪ್ಪಲಿ ಒಳಗೆ ಬರಕೂಡದು ಎಂಬುದು ಅವರ ಹಟ, ಹಾಗಾಗಿ ಬಾಗಿಲಲ್ಲಿ ಚಪ್ಪಲಿಗೂಡು ಬಂತು. ಊಟವಾದ ಮೇಲೆ ಒಂದು ಗಳಿಗೆ ಬೆನ್ನು ಚಾಚಲು ದಿವಾನ್ ಬೇಕು ಎಂದರು, ನಾನು ಅದನ್ನು ಕಿಟಕಿಯ ಕೆಳಗಿನ ಅಗಲವಾದ ಆಸನ ಎಂದು ನಕ್ಷೆಯಲ್ಲಿ ಬರೆದು ಮಾನ ಉಳಿಸಿಕೊಂಡೆ. ಪ್ರತಿಯಾಗಿ ಅವರು ನನ್ನ ಗಾಜಿನ ಗೋಡೆಯ ಮೀಟಿಂಗ್ ಕೋಣೆಗೆ ಒಪ್ಪಿದರು. ಒಳಗೆ ಏನು ನಡೆಯುತ್ತಿದೆ ಎಂದು ಎಲ್ಲರಿಗೂ ಕಾಣಬೇಕು, ಮುಚ್ಚುಮರೆ ಇರಬಾರದು ಎಂದು ನಾನು ಹೇಳಿದ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಇಡೀ ಕಟ್ಟಡವನ್ನೇ ಗಾಜಿನಲ್ಲಿ ಮಾಡಲು ಬರುತ್ತದೆಯೇ ಎಂದು ಕೇಳಿದರು.

ಅವರಿಗೆ ಅರ್ಥವಾಗದೆ ಉಳಿದದ್ದು ಫೋನ್ ಕ್ಯಾಬಿನ್ ಮಾತ್ರ. ಒಬ್ಬರು ಒಳಗೆ ನಿಂತು, ಹೊರಗಿನವರಿಗೆ ತೊಂದರೆಯಾಗದಂತೆ ಮಾತನಾಡಲು ಮಾಡಿದ ಪುಟ್ಟ ಗೂಡು ಅದು. ಗೋಡೆಗೆ ಸದ್ದು ನುಂಗುವ ಮೆತ್ತೆ, ಗಾಜಿನ ಬಾಗಿಲು, ಮೇಲೊಂದು ದೀಪ. ಆ ದೀಪದ ಬಗ್ಗೆ ನನಗೆ ಹೆಮ್ಮೆ ಇತ್ತು. ಒಳಗೆ ಯಾರಾದರೂ ಅಲುಗಾಡಿದರೆ ತಾನಾಗಿ ಹತ್ತುತ್ತದೆ, ಅಲುಗಾಟ ನಿಂತರೆ ಸ್ವಲ್ಪ ಹೊತ್ತಿಗೆ ಆರುತ್ತದೆ. ಕರೆಂಟಿನ ಉಳಿತಾಯ. ಯಜಮಾನರು ಒಳಗೆ ಹೋಗಿ ನಿಂತು, ಇದರಲ್ಲಿ ನಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದರು. ನೆಲಕ್ಕೆ ಇಳಿಜಾರು ಸಾಲದು ಎಂದೂ ಹೇಳಿದರು.

ಆಫೀಸು ಶುರುವಾಯಿತು. ಯಜಮಾನರು ಬೋರ್ಡಿಗೆ ದೊಡ್ಡ ಹೆಸರೊಂದನ್ನು ಬರೆಸಿದ್ದರೂ ಬಂದವರು ಕೂರುವುದನ್ನಷ್ಟೇ ಕಂಡ ಊರಿನವರು ಅದನ್ನು ಕುಂದ್ರೋ ಆಫೀಸು ಎಂದೇ ಕರೆದರು. ಆ ಹೆಸರು ಆಟೋದವರಿಗೂ ಗೊತ್ತಾದ ಮೇಲೆ ಬೋರ್ಡಿನ ಮಾತು ಯಾರೂ ಎತ್ತಲಿಲ್ಲ. ಮೊದಲು ಬಂದವಳು ಅದೇ ಬೇರಿಂಗ್ ಡಬ್ಬದ ಹುಡುಗಿ. ಅವಳದು ಸ್ಟುಡಿಯೊಗಳಿಗೆ ಮದುವೆ ವಿಡಿಯೊ ಎಡಿಟ್ ಮಾಡಿಕೊಡುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಗೊತ್ತಿಲ್ಲದವರ ಧಾರೆ, ಅರಿಶಿನ, ಅಳು ಎಲ್ಲವನ್ನೂ ಕತ್ತರಿಸಿ ಜೋಡಿಸುತ್ತಿದ್ದಳು. ಆನ್‌ಲೈನಿನಲ್ಲಿ ಗಣಿತ ಕಲಿಸುವ ಮೇಷ್ಟ್ರೊಬ್ಬರು ಬಂದರು. ತೆರಿಗೆ ಲೆಕ್ಕ ಬರೆಯುವವರು ಬಂದರು. ಕಾಯಂ ಜಾಗ ಇಲ್ಲ ಎಂದು ಎಷ್ಟು ಹೇಳಿದರೂ ಎರಡನೇ ದಿನದಿಂದಲೇ ಎಲ್ಲರೂ ತಮ್ಮ ತಮ್ಮ ಕುರ್ಚಿಗೆ ಟವೆಲ್ ಹಾಕಿ ಹೋಗತೊಡಗಿದರು. ಗಣಿತದ ಮೇಷ್ಟ್ರು ತಮ್ಮ ಜಾಗದ ಗೋಡೆಗೆ ಒಂದು ಕ್ಯಾಲೆಂಡರ್ ಕೂಡ ತೂಗುಹಾಕಿದರು.

ತೊಂದರೆ ಬಂದದ್ದು ಯಜಮಾನರಿಂದ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಯಾವೂರು, ಯಾರ ಪೈಕಿ, ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು. ಬಂದವರು ಮೇಜಿಗೆ ಹೋದರೆ ಇವರೂ ಕುರ್ಚಿ ಎಳೆದುಕೊಂಡು ಹಿಂದೆಯೇ ಹೋಗುತ್ತಿದ್ದರು. ಮೇಷ್ಟ್ರ ಪಾಠದ ನಡುವೆ ಇವರ ಧ್ವನಿ ಕೇಳಿ, ದೂರದೂರಿನ ಮಕ್ಕಳು ಆ ಅಜ್ಜ ಯಾರು ಎಂದು ಕೇಳುತ್ತಿದ್ದರಂತೆ. ಮೇಷ್ಟ್ರು ನನಗೆ ಫೋನ್ ಮಾಡಿ ದೂರಿಕೊಂಡರು. ನಾನು 'ದಯವಿಟ್ಟು ನಿಶ್ಶಬ್ದ' ಎಂಬ ಚೆಂದದ ಫಲಕ ಮಾಡಿಸಿ ಕಳಿಸಿದೆ. ಯಜಮಾನರು ಅದನ್ನು ಸಂತೋಷದಿಂದ ಗೋಡೆಗೆ ಹೊಡೆಸಿ, ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳತೊಡಗಿದರು.

ಆಮೇಲೆ ಮುಂಭಾಗದಲ್ಲಿ, ಹೊರಗೆ, ನೆರಳಿಗೆ ಒಂದು ಕಟ್ಟೆ ಕಟ್ಟಿಸಿ ಪಕ್ಕದಲ್ಲಿ ಚಹಾದ ವ್ಯವಸ್ಥೆ ಮಾಡಿಸಿದೆ. ಮಾತು ಬೇಕಾದವರು ಹೊರಗೆ, ಕೆಲಸ ಬೇಕಾದವರು ಒಳಗೆ. ಅದು ತಕ್ಕಮಟ್ಟಿಗೆ ನಡೆಯಿತು. ಸುಮ್ಮನೆ ಹೊಗಳಿಕೊಳ್ಳುತ್ತಿಲ್ಲ, ಮಧ್ಯಾಹ್ನ ಮೂರರ ಹೊತ್ತಿಗೆ ಒಳಗಿನವರೆಲ್ಲ ತಾವಾಗಿಯೇ ಎದ್ದು ಕಟ್ಟೆಗೆ ಬರುತ್ತಿದ್ದರು. ಲೆಕ್ಕದವರು ಮೇಷ್ಟ್ರಿಗೆ ತೆರಿಗೆ ಹೇಳಿಕೊಡುವುದು, ಮೇಷ್ಟ್ರು ಲೆಕ್ಕದವರ ಮಗಳಿಗೆ ಬೀಜಗಣಿತ ಹೇಳಿಕೊಡುವುದು ಶುರುವಾದದ್ದು ಅಲ್ಲೇ.

ಹೀಗಿರುವಾಗ ಎಡಿಟಿಂಗ್ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಅವಳ ಮನೆಯಲ್ಲಿ ನಿಶ್ಚಯವಾಯಿತು. ಅಂದೇ ಅವಳು ಒಂದು ಮದುವೆಯ ವಿಡಿಯೊ ಮುಗಿಸಿ ಕೊಡಬೇಕಿತ್ತು. ಮನೆಗೆ ಬರಲು ಆಗುವುದಿಲ್ಲ, ನೋಡಬೇಕೆಂದರೆ ನಾನಿದ್ದಲ್ಲಿಗೆ ಬರಲಿ ಎಂದಳು. ಹಾಗೆಂದರೆ ಅವರು ಬರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಅವಳ ಅಪ್ಪ ಇಕ್ಕಟ್ಟಿಗೆ ಸಿಕ್ಕಿ ಯಜಮಾನರ ಬಳಿ ಬಂದು ಹೇಳಿಕೊಂಡರು. ಯಜಮಾನರಿಗೆ ಅದಕ್ಕಿಂತ ಸಂತೋಷದ ಸುದ್ದಿ ಇರಲಿಲ್ಲ. ಅವರೇ ಗಂಡಿನ ಕಡೆಗೆ ಫೋನ್ ಮಾಡಿ, ಎಸಿ ಇದೆ, ಚಹಾ ಇದೆ, ಬನ್ನಿ ಎಂದು ಕರೆದುಬಿಟ್ಟರು. ಅವರು ಒಪ್ಪಿಬಿಟ್ಟರು.

ಅವತ್ತು ನಾನೂ ಅಲ್ಲಿದ್ದೆ. ಫೋನ್ ಕ್ಯಾಬಿನ್ನಿನ ಒಳಗೆ ಕೆಳಗಡೆ ವೈರುಗಳೆಲ್ಲ ಕಾಣುತ್ತವೆಂದು, ಗಾಜಿನ ಬಾಗಿಲ ಕೆಳ ಅರ್ಧಕ್ಕೆ ಮಬ್ಬು ಕಾಗದ ಅಂಟಿಸಲು ಬಂದಿದ್ದೆ. ಸೊಂಟದ ತನಕ ಮಬ್ಬು, ಮೇಲೆ ತಿಳಿಗಾಜು. ಅಂಟಿಸಿ ಮುಗಿಸುವಷ್ಟರಲ್ಲಿ ಕಾರು ಬಂತು.

ಗಂಡಿನ ಜೊತೆ ಅವನ ಸೋದರತ್ತೆ ಮತ್ತು ಆಕೆಯ ಗಂಡ, ಅಂದರೆ ಮಾವ, ಬಂದಿದ್ದರು. ಅವನ ಊರು ಅಂಬ್ಲಿಗೊಳ ಡ್ಯಾಮಿನ ಕಾಲುವೆ ಹಾಯುವ ಕಡೆ. ಹನಿ ನೀರಾವರಿಯ ಪೈಪು ಮಾರುವ ಕಂಪನಿಯಲ್ಲಿ ಕೆಲಸ, ದಿನವಿಡೀ ಬೈಕಿನ ಮೇಲೆ ಹೊಲದಿಂದ ಹೊಲಕ್ಕೆ ತಿರುಗಾಟ. ಮಾವ ಒಳಗೆ ಬಂದವರೇ ಸೂರು ನೋಡಿ, ಇಲ್ಲಿ ಎಷ್ಟು ಚೀಲ ಮೆಕ್ಕೆಜೋಳ ಹಿಡಿಯಬಹುದು ಎಂದು ಅಂದಾಜು ಮಾಡತೊಡಗಿದರು. ಅತ್ತೆ ಮಾತ್ರ ಕೂತಿದ್ದವರನ್ನೆಲ್ಲ ಒಮ್ಮೆ ನೋಡಿ, ಹುಡುಗಿಗೆ ಇಷ್ಟು ಜನ ಅಣ್ಣತಮ್ಮಂದಿರೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ಎಲ್ಲರೂ ಗಾಜಿನ ಕೋಣೆಯಲ್ಲಿ ಕೂತರು. ನಾನು ಬಯಸಿದ್ದಂತೆಯೇ ಒಳಗೆ ನಡೆಯುವುದೆಲ್ಲ ಎಲ್ಲರಿಗೂ ಕಾಣುತ್ತಿತ್ತು. ಉಪ್ಪಿಟ್ಟು ಹೋದದ್ದು, ಅತ್ತೆ ಎರಡನೇ ಸಲ ಬೇಡವೆಂದು ಮೂರನೇ ಸಲ ಹಾಕಿಸಿಕೊಂಡದ್ದು, ಹುಡುಗ ಚಮಚ ಕೆಳಗೆ ಬೀಳಿಸಿದ್ದು. ಹೊರಗೆ ಯಾರೂ ಕೆಲಸ ಮಾಡುತ್ತಿರಲಿಲ್ಲ, ಆದರೆ ಎಲ್ಲರ ಬೆರಳುಗಳೂ ಕೀಬೋರ್ಡ್ ಮೇಲಿದ್ದವು. ಮೇಷ್ಟ್ರು ತಮ್ಮ ಪಾಠಕ್ಕೆ ಬಿಡುವು ಕೊಟ್ಟು ಕ್ಯಾಮೆರಾ ಆರಿಸಿದ್ದರು. ಹುಡುಗಿ ತೊಟ್ಟಿದ್ದು ದಿನದ ಚೂಡಿದಾರವೇ, ಕೊರಳಲ್ಲಿ ಹೆಡ್‌ಫೋನು ಹಾಗೇ ಇತ್ತು.

ಸ್ವಲ್ಪ ಹೊತ್ತಿಗೆ ಮಾವ, ಹುಡುಗ ಹುಡುಗಿ ಪ್ರತ್ಯೇಕ ಮಾತಾಡಿಕೊಳ್ಳಲಿ ಎಂದರು. ಅದೇ ಕಷ್ಟವಾಯಿತು. ಇಡೀ ಆಫೀಸಿನಲ್ಲಿ ಪ್ರತ್ಯೇಕ ಎಂಬ ಜಾಗವನ್ನೇ ನಾನು ಇಟ್ಟಿರಲಿಲ್ಲ. ಹೊರಗಿನ ಕಟ್ಟೆಯಲ್ಲಿ ಆಗಲೇ ಸುದ್ದಿ ತಿಳಿದು ಅಂಗಡಿಯ ಗಿರಾಕಿಗಳು ಕೂತಿದ್ದರು. ಆಗ ಯಜಮಾನರು ಎದ್ದು ಬಂದು ಫೋನ್ ಕ್ಯಾಬಿನ್ನಿನ ಬಾಗಿಲು ತೆರೆದು ಹಿಡಿದರು. ಅದು ಒಬ್ಬರಿಗೆ ಮಾಡಿದ್ದು ಎಂದು ನಾನು ಹೇಳುವಷ್ಟರಲ್ಲಿ ಇಬ್ಬರೂ ಒಳಗಿದ್ದರು.

ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು, ಎದುರುಬದುರು ನಿಂತರು. ನನ್ನ ಮೆತ್ತೆಗಳು ಚೆನ್ನಾಗಿ ಕೆಲಸ ಮಾಡಿದವು, ಒಂದು ಅಕ್ಷರವೂ ಹೊರಗೆ ಕೇಳಲಿಲ್ಲ. ಗಾಜಿನ ಕೋಣೆಯಿಂದ ಹಿರಿಯರು, ಉದ್ದ ಮೇಜಿನಿಂದ ನಾವು, ಎಲ್ಲರೂ ಅವರ ತುಟಿಗಳನ್ನೇ ನೋಡುತ್ತ ಕೂತೆವು. ತುಟಿ ನೋಡಿ ಮಾತು ಹೇಳಲು ತಮಗೆ ಬರುತ್ತದೆಂದ ಯಜಮಾನರು, ಹುಡುಗ ಅಡುಗೆ ಬರುತ್ತದೆಯೇ ಎಂದು ಕೇಳಿದ, ಹುಡುಗಿ ಬರುತ್ತದೆ ಎಂದಳು ಎಂದೆಲ್ಲ ಅತ್ತೆಗೆ ವರದಿ ಒಪ್ಪಿಸತೊಡಗಿದರು.

ಅಷ್ಟರಲ್ಲಿ ದೀಪ ಆರಿತು.

ಇಬ್ಬರೂ ಸಂಕೋಚಕ್ಕೆ ಅಲುಗಾಡದೆ ನಿಂತಿದ್ದರಿಂದ, ಒಳಗೆ ಯಾರೂ ಇಲ್ಲವೆಂದು ದೀಪ ತಿಳಿದಿತ್ತು. ಅತ್ತೆ ಕುರ್ಚಿಯಿಂದ ಅರ್ಧ ಎದ್ದರು. ಒಡನೆ ದೀಪ ಹತ್ತಿತು. ನೋಡಿದರೆ ಹುಡುಗ ತಲೆಯ ಮೇಲೆ ಎರಡೂ ಕೈಯೆತ್ತಿ ಬೀಸುತ್ತಿದ್ದಾನೆ. ಬೇಡ ಅಂತಿದ್ದಾನೆ ಎಂದರು ಮಾವ. ಅಲ್ಲ, ಖುಷಿಗೆ ಎಂದರು ಯಜಮಾನರು. ಅದು ದೀಪದ ಸೆನ್ಸರಿಗೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೀಪ ಮತ್ತೆ ಆರಿತು. ಮತ್ತೆ ಹತ್ತಿದಾಗ ಕ್ಯಾಬಿನ್ನಿನಲ್ಲಿ ಯಾರೂ ಇರಲಿಲ್ಲ.

ಇಬ್ಬರೂ ಮಾಯವಾಗಿದ್ದರು. ತಿಳಿಗಾಜಿನ ಹಿಂದೆ ಖಾಲಿ ಗೋಡೆ. ಕೆಳಗೆ, ನಾನು ಅಂದೇ ಅಂಟಿಸಿದ್ದ ಮಬ್ಬು ಕಾಗದದ ಹಿಂದೆ, ಎರಡು ನೆರಳು ಅಲುಗಾಡುತ್ತಿದ್ದವು. ಹುಡುಗಿಯ ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಗಾಜಿನ ಕೋಣೆಯ ಬಾಗಿಲು ತಳ್ಳಬೇಕೋ ಎಳೆಯಬೇಕೋ ಗೊತ್ತಾಗದೆ ಹಿರಿಯರೆಲ್ಲ ಒಟ್ಟಿಗೆ ಅದಕ್ಕೆ ಬಿದ್ದರು. ಅವರು ಹೊರಬರುವ ಹೊತ್ತಿಗೆ ಕ್ಯಾಬಿನ್ನಿನ ಬಾಗಿಲು ತೆರೆಯಿತು. ಇಬ್ಬರೂ ಬೆವೆತು ತೊಪ್ಪೆಯಾಗಿ, ಹೊಟ್ಟೆ ಹಿಡಿದುಕೊಂಡು ನಗುತ್ತ ಹೊರಗೆ ಬಂದರು.

ನಗು ಕಂಡದ್ದೇ ತಡ, ಯಜಮಾನರು ಒಪ್ಪಿಗೆಯಾಯಿತು ಎಂದು ಸಾರಿ ಪೇಡೆಯ ಪೆಟ್ಟಿಗೆ ತೆರೆದರು. ಮೊದಲ ಪೇಡೆ ಅತ್ತೆಯ ಬಾಯಿಗೆ ಹೋಯಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹುಡುಗಿ ನಗು ತಡೆದುಕೊಂಡು ಅಪ್ಪನ ಮುಂದೆ ನಿಂತಳು.

"ಅಪ್ಪಾ, ನಮ್ಮಿಬ್ಬರಿಗೂ ಬ್ಯಾಡ," ಎಂದಳು.

ಅತ್ತೆ ಬಾಯಲ್ಲಿದ್ದ ಪೇಡೆಯನ್ನು ಉಗುಳಲೂ ಆಗದೆ ನುಂಗಲೂ ಆಗದೆ ಕೊನೆಗೆ ನುಂಗಿದರು.

"ಹಂಗಾದ್ರೆ ನಕ್ಕಿದ್ಯಾಕೆ?" ಎಂದರು.

"ಇಬ್ಬರಿಗೂ ಬ್ಯಾಡ ಅಂತ ಗೊತ್ತಾತಲ್ಲ ಅತ್ತೆ, ಅದಕ್ಕೆ," ಎಂದ ಹುಡುಗ.

ಒಳಗೆ ನಡೆದದ್ದೇನು ಎಂದು ಅವಳು ನನಗೆ ಆಮೇಲೆ ಹೇಳಿದಳು. ಒಳಹೊಕ್ಕ ಕೂಡಲೇ ಹುಡುಗ, ತನಗೆ ಈಗ ಮದುವೆ ಬೇಡ, ಅತ್ತೆಯ ಒತ್ತಾಯಕ್ಕೆ ಬಂದೆ ಎಂದನಂತೆ. ದಿನಕ್ಕೊಂದು ಮದುವೆ ನೋಡಿ ನೋಡಿ ತನಗೂ ಸಾಕಾಗಿದೆ ಎಂದಳಂತೆ ಇವಳು. ಅಲ್ಲಿಯತನಕ ಎಲ್ಲ ಸುಸೂತ್ರ. ಆದರೆ ಬೇಡ ಎಂದು ಮೊದಲು ಹೇಳುವವರು ಯಾರು? ಹೇಳಿದವರಿಗೆ ಮನೆಯಲ್ಲಿ ಬೈಗುಳ ಖಂಡಿತ. ಅದಕ್ಕೆ ನಾಣ್ಯ ಚಿಮ್ಮೋಣ ಎಂದಾಯಿತು. ಯಾವ ಮುಖ ಯಾರದೆಂದು ಯೋಚಿಸುತ್ತ ನಿಂತಾಗ ದೀಪ ಆರಿತು, ಕೈಯಿಂದ ನಾಣ್ಯ ಜಾರಿ ಬಿತ್ತು, ಇಬ್ಬರೂ ಬಗ್ಗಿ ಹುಡುಕಿದರು. ಒಬ್ಬರ ತಲೆ ಇನ್ನೊಬ್ಬರಿಗೆ ಬಡಿಯಿತು. ನಾಣ್ಯ ಮೆತ್ತೆಯ ಸಂದಿಗೆ ಹೋಗಿ ಸಿಗಲೇ ಇಲ್ಲ. ಒಟ್ಟಿಗೇ ಹೇಳಿಬಿಡೋಣ ಎಂದುಕೊಂಡು ಹೊರಬಂದರಂತೆ. ಕೊನೆಗೆ ಅವಳೇ ಹೇಳಿದ್ದು ಯಾಕೆ ಎಂದು ಕೇಳಿದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಅವನ ಬಾಯಿಗೂ ಪೇಡೆ ತುರುಕಿದ್ದರು ಎಂದಳು.

ಅವಳ ಅಪ್ಪನಿಗೆ ಅಂದು ಬೇಸರವಾಗಿದ್ದು ನಿಜ. ಒಬ್ಬರೇ ಕಟ್ಟೆಯ ಮೇಲೆ ಕೂತಿದ್ದರು. ಯಜಮಾನರು ತಾವೇ ಎರಡು ಲೋಟ ಚಹಾ ತಂದು ಪಕ್ಕದಲ್ಲಿ ಕೂತರು. ಹುಡುಗಿ ಮಾತ್ರ ತನ್ನ ಜಾಗಕ್ಕೆ ಹೋಗಿ ಹೆಡ್‌ಫೋನ್ ಏರಿಸಿ, ಯಾರದೋ ಧಾರೆಯನ್ನು ಮುಗಿಸಿ ಹೊತ್ತು ಮುಳುಗುವ ಮೊದಲು ಕಳಿಸಿದಳು. ಹೊರಡುವಾಗ ಅಪ್ಪನ ಸ್ಕೂಟರ್ ಹಿಂದೆ ಕೂತು ಹೋದಳು. ಅವರು ಅವಳಿಗೆ ಬೈದರೋ ಇಲ್ಲವೋ ನಾನು ಕೇಳಲಿಲ್ಲ. ಮರುದಿನ ಅವಳು ಎಂದಿನ ಹೊತ್ತಿಗೇ ಬಂದಿದ್ದಳಂತೆ.

ಮುಂದಿನ ತಿಂಗಳು ಆ ಹುಡುಗ ಒಬ್ಬನೇ ಬಂದ. ಬೈಕಿನ ಮೇಲೆ ಗಾಳಿಗೆ ಗಿರಾಕಿಗಳ ಮಾತು ಕೇಳುವುದಿಲ್ಲ, ಆ ಕ್ಯಾಬಿನ್ನಿನಲ್ಲಾದರೆ ಚೆನ್ನಾಗಿ ಕೇಳುತ್ತದೆ, ತನಗೂ ಇಲ್ಲೊಂದು ಜಾಗ ಬೇಕೆಂದ. ಯಜಮಾನರು ಕಣ್ಣರಳಿಸಿ ಕೊಟ್ಟರು. ಅವರ ಮನಸ್ಸಿನಲ್ಲಿ ಏನಿತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಅವರೆಣಿಸಿದ ಹಾಗೆ ಏನೂ ಆಗಲಿಲ್ಲ. ಈಗಲೂ ಅವರಿಬ್ಬರೂ ಒಂದೇ ಮೇಜಿನಲ್ಲಿ ಕೂರುತ್ತಾರೆ, ಫ್ಯಾನ್ ಜೋರಿರಬೇಕೋ ನಿಧಾನ ಇರಬೇಕೋ ಎಂದು ಜಗಳವಾಡುತ್ತಾರೆ, ಬುತ್ತಿ ಹಂಚಿಕೊಳ್ಳುತ್ತಾರೆ. ಅವನ ಅತ್ತೆ ಮಾತ್ರ ಆ ಕಡೆ ಬಂದಾಗಲೆಲ್ಲ ಕಟ್ಟೆಗೆ ಬಂದು ಚಹಾ ಕುಡಿದು ಹೋಗುತ್ತಾರೆ.

ಆದರೆ ಸುದ್ದಿ ಹಬ್ಬಿತು. ಗಾಜಿನ ಕೋಣೆಯಲ್ಲಿ ಹೆಣ್ಣು ನೋಡಲು ಅವಕಾಶವಿದೆಯೇ ಎಂದು ಬೇರೆ ಬೇರೆ ಮನೆಗಳಿಂದ ಫೋನು ಬರತೊಡಗಿತು. ಎರಡೂ ಕಡೆಯವರಿಗೆ ಸಮನಾದ ಜಾಗ, ಮನೆಗೆ ಸುಣ್ಣ ಹೊಡೆಸುವ ತಾಪತ್ರಯ ಇಲ್ಲ. ಯಜಮಾನರು ಭಾನುವಾರ ಮಾತ್ರ ಎಂದು ನಿಯಮ ಮಾಡಿದರು. ನನಗೆ ಫೋನ್ ಮಾಡಿ ಗಾಜಿಗೆ ಪರದೆ ಬೇಕೆಂದರು. ಮುಚ್ಚುಮರೆ ಇರಬಾರದೆಂದು ನೀವೇ ಒಪ್ಪಿದ್ದಿರಲ್ಲ ಎಂದೆ. ಅದು ವಾರದ ದಿನಕ್ಕೆ ಎಂದರು. ಪರದೆ ಹಾಕಿಸಿದೆ. ಕ್ಯಾಬಿನ್ನಿನ ದೀಪಕ್ಕೂ ಮಾಮೂಲಿ ಸ್ವಿಚ್ಚು ಹಾಕಿಸಿದೆ.

ಅದಾದ ಮೇಲೆ ಸೊರಬದಲ್ಲೇ ನನಗೆ ಇಂಥದ್ದೊಂದು ಕೆಲಸ ಬಂತು. ಕುಪ್ಪಸಕ್ಕೆ ಕಸೂತಿ ಹಾಕಿ ಫೋನಿನಲ್ಲೇ ಆರ್ಡರ್ ಹಿಡಿಯುವ ನಾಲ್ಕಾರು ಹೆಂಗಸರು ಸೇರಿ, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಹಿಡಿದಿದ್ದರು. ಗಾಜಿನ ಗೋಡೆಯ ಮಾತು ನಾನು ಎತ್ತಿದಾಗ, "ಎಂಥಕ್ಕೆ ಗಾಜು? ನಾವು ಕಾಲು ಚಾಚ್ಕಂಡು ಕೂರೋರು," ಎಂದರು. ಮರದ ಬಾಗಿಲು, ನೆಲದ ಮೇಲೆ ದಪ್ಪ ಚಾಪೆ, ತಗ್ಗು ಮೇಜು, ಸೂಜಿ ಕಾಣುವಷ್ಟು ಬೆಳಕು. ಗೋಡೆಯ ಮೇಲೆ ಗುಡವಿ ಪಕ್ಷಿಧಾಮದ ಕೊಕ್ಕರೆಗಳ ಚಿತ್ರ ಬರೆಸೋಣವೆಂದೆ. ಅವರು ಅದನ್ನು ಒಪ್ಪಿ, ನನ್ನ ಪೇಂಟರನನ್ನು ಬೇಡವೆಂದು, ಬಿಳಿ ಬಟ್ಟೆಯ ಮೇಲೆ ತಾವೇ ಕಸೂತಿ ಹಾಕಿದರು. ಒಂದು ಕೊಕ್ಕರೆಗೆ ಮೂರು ಕಾಲು ಬಂದಿದೆ. ಮೂವರು ಮೂರು ಕಡೆಯಿಂದ ಹೊಲಿದದ್ದರ ಫಲ.

ಅದರ ಆರಂಭದ ದಿನ ವಿಡಿಯೊ ತೆಗೆಯಲು ಎಡಿಟಿಂಗ್ ಹುಡುಗಿಯನ್ನೇ ಕರೆಸಿದೆ. ಅವಳಿಗೆ ಗೊತ್ತಿದ್ದದ್ದು ಒಂದೇ ಬಗೆ. ಬಾಗಿಲಿಗೆ ಕಟ್ಟಿದ ಟೇಪು ಕತ್ತರಿಸುವಾಗ ನನಗೆ ತಲೆ ಬಗ್ಗಿಸಿ ನಿಲ್ಲಿ ಎಂದಳು, ಆಮೇಲೆ ಮೆಲ್ಲಗೆ ಕಣ್ಣೆತ್ತಿ ಎಂದಳು, ಮತ್ತೊಮ್ಮೆ ಕತ್ತರಿಸಿಸಿದಳು. ಕೆಲವು ದಿನಗಳ ನಂತರ ವಿಡಿಯೊ ಬಂತು. ಹಿನ್ನೆಲೆಯಲ್ಲಿ ಶಹನಾಯಿ. ಐವತ್ತಕ್ಕೆ ಹತ್ತಿರವಾದ ನಾನು ಕತ್ತರಿ ಹಿಡಿದು ತೀರಾ ನಿಧಾನವಾಗಿ ತಿರುಗುತ್ತೇನೆ, ಮೇಲಿನಿಂದ ಗುಲಾಬಿ ದಳಗಳು ಸುರಿಯುತ್ತವೆ. ಅಮ್ಮ ಅದನ್ನು ನನ್ನ ಫೋನಿನಲ್ಲಿ ನೋಡಿ ಕಣ್ಣು ಒರೆಸಿಕೊಂಡರು. ಮಂಟಪ ಎಲ್ಲಿಯದು ಎಂದು ಕೇಳಿದರು.